ಗುಡಿಸದ ಮನೆ

ಸೆಪ್ಟೆಂಬರ್ ೨೬, ಶನಿವಾರ

ಮಗ್ಗದ ಕೆಳಗೆ ನೂಲಿನ ಕಸ ಹಾಗೆಯೇ ಬಿದ್ದಿದೆ. ಹೊರಟವರು ಊರು ಸೇರುವವರೆಗೆ ಮನೆ ಗುಡಿಸಬಾರದಲ್ಲ. ಇವತ್ತು ಏಷ್ಯನ್ ಗೇಮ್ಸಿನಲ್ಲಿ ಮಗಳು ಕಲೈಸೆಲ್ವಿಯ ಸೈಕಲ್ ರೇಸು. "ರೇಸೂ ಪಯಣಾನೇ ಅಲ್ವಾ?" ಎಂದು ಅತ್ತೆ ಬೆಳಿಗ್ಗೆಯೇ ಪೊರಕೆ ಬಚ್ಚಿಟ್ಟರು. ನಾನು ಸಿಡುಕಿದೆ.

ಟಿವಿಯಲ್ಲಿ ಗೆದ್ದವಳು ಬಂದಳು, ಉಳಿದವರೂ ಬಂದರು. ನಮ್ಮವಳು ಕಾಣಲೇ ಇಲ್ಲ.

ಸಂಜೆ ಅವಳೇ ಫೋನು ಮಾಡಿದಳು. "ಅಮ್ಮಾ, ಏರು ಅತ್ತೋವಾಗ ಎಲ್ರಿಗಿಂತ ಬಾಳ ಇಂದಕ್ಕೆ ಉಳ್ಕೊಂಡೆ. ಅಂಗ್ ಉಳಿದೋರ್ನ ತೆಗೆದಾಕ್ತಾರೆ, ರೇಸಿಂದ ಇಳಿಸ್ಬುಟ್ರು. ನಾನು ಸೇರ್ಲೇ ಇಲ್ಲ."

ನಮ್ಮೂರ ಪಾಲಮಲೆ ಬೆಟ್ಟದ ಏರಿನಲ್ಲಿ ಒಮ್ಮೆಯೂ ಕಾಲೂರದ ಹುಡುಗಿ.

ಅತ್ತೆ ಫೋನು ಕಿತ್ತುಕೊಂಡರು. "ಅಳಬ್ಯಾಡ ನನ್ ಕಣ್ಣು. ನೀ ಮನೆಗ್ ಬಾ. ಅಲ್ಲೀಗಂಟ ಪೊರಕೆ ಮುಟ್ಟಾಕಿಲ್ಲ."

ಬರೆಯುತ್ತ ಕೂತ ನನ್ನ ಕಾಲಿಗೆ ನೂಲು ಸುತ್ತಿಕೊಂಡಿದೆ. ಇರಲಿ.