ಇಪ್ಪತ್ತು ಸಲ ಮುಳುಗಿದವರ ಜಾಗ

13 ಜನವರಿ 2006, ಶುಕ್ರವಾರ. ಹ್ಯಾವ್‌ಲಾಕ್, ಅಂಡಮಾನ್

ಬೆಳಿಗ್ಗೆ ಡೈವಿಂಗ್ ಶಾಪಿನಲ್ಲಿ ಎಂಟು ಸ್ಕೂಬಾ ಟ್ಯಾಂಕಿಗೆ ಗಾಳಿ ತುಂಬಿದೆ. ಕಂಪ್ರೆಸರ್ ಮತ್ತೆ ಕೆಮ್ಮುತ್ತಿದೆ. ಮಧ್ಯಾಹ್ನದ ಬೋಟಿಗೆ ಅಕ್ಕ ಮಂಗಳಗೌರಿ, ಭಾವ ಗುರುಸ್ವಾಮಿ ಬಂದಿಳಿದರು. ಹುಣಸೂರು ಬಿಟ್ಟು ಆರು ದಿನವಂತೆ. ಅಕ್ಕ ಮೊದಲು ಅಂದದ್ದು — "ಎಂಗ್ ಕರ್ರಗಾಗಿದೀಯಲ್ಲೋ ಸೋಮು."

ಭಾವನಿಗೆ ಮುಳುಗುವ ಜಾಗಗಳ ವಿಷಯ ಹೇಳಿದೆ. ನಾನಿಟ್ಟ ಹೆಸರುಗಳು. ಅಂಗಳ — ಐದು ಮೀಟರ್, ಮರಳು, ಈಜು ಬಾರದವರಿಗೂ ಸರಿ. ಗುಡ್ಡೆ — ಹನ್ನೆರಡು ಮೀಟರ್, ಸ್ವಲ್ಪ ಪಳಗಿದವರಿಗೆ. ಆಮೇಲೆ ಗೋಡೆ. ಹವಳದ ಬಂಡೆ ನೆಟ್ಟಗೆ ಇಳಿಯುತ್ತದೆ, ತಳ ಕಾಣುವುದಿಲ್ಲ, ಸೆಳೆತ ಬೇರೆ. ಇಪ್ಪತ್ತು ಸಲ ಮುಳುಗಿರಬೇಕು. ಅದು ನಮ್ಮ ಶಾಪಿನ ರೂಲು.

ಭಾವ ಹೊಗೆಸೊಪ್ಪಿನ ವ್ಯಾಪಾರಿ. ನಕ್ಕರು. "ಸಮುದ್ರಕ್ಕೂ ಗ್ರೇಡ್ ಹಾಕ್ತೀಯೇನ್ಲಾ? ನಾವು ನೋಡೋದಾದ್ರೆ ಟಾಪ್ ಗ್ರೇಡೇ ನೋಡ್ಬೇಕು ಕಣೋ."

14, ಶನಿವಾರ

ಸಂಕ್ರಾಂತಿ. ಅಕ್ಕ ಊರಿಂದ ತಂದ ಎಳ್ಳುಬೆಲ್ಲ ಬೋಟಿನವರಿಗೆಲ್ಲ ಹಂಚಿದಳು.

ಭಾವನನ್ನು ಅಂಗಳಕ್ಕೆ ಇಳಿಸಿದೆ. ಇಳಿಯುವ ಮುಂಚೆ ಸರ, ಉಂಗುರ ಎಲ್ಲ ತೆಗೆಸಬೇಕು. ಅವರ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. "ಇದ್ನ ಮಾತ್ರ ಕೇಳ್ಬ್ಯಾಡ. ಉಸ್ರಿರೋಗಂಟ ತೆಗೆಯಾಕಿಲ್ಲ." ಈ ಕೆಲಸಕ್ಕೆ ಬರುವಾಗ ನನ್ನದನ್ನು ಬಿಚ್ಚಿ ಅಕ್ಕನ ಪೂಜೆಮನೆಯಲ್ಲಿಟ್ಟು ಬಂದವನು ನಾನು. ನಾಲ್ಕು ವರ್ಷವಾಯಿತು. ತೆಗೆಯಿರಿ ಅನ್ನಲು ನನಗೆ ಯಾವ ಮುಖ? ಸೂಟಿನೊಳಗೆ ಇರಲಿ ಅಂದೆ.

ಆಮೆ ಕಂಡಿತು. ಮೇಲೆ ಬಂದ ಭಾವ ಬೋಟಿನ ಅಂಚು ಹಿಡಿದುಕೊಂಡು ಮತ್ತೆ ಮುಖ ನೀರಿಗಿಟ್ಟು ಕೆಳಗೇ ನೋಡಿದರು.

16, ಸೋಮವಾರ

ನಿನ್ನೆಯೂ ಇವತ್ತೂ ಗುಡ್ಡೆ. ಚೆನ್ನಾಗಿ ಮುಳುಗುತ್ತಾರೆ. ನಾಡಿದ್ದು ವಾಪಸು. ಊಟಕ್ಕೆ ಕೂತಾಗ ಭಾವನದು ಅದೇ ರಾಗ — "ಗೋಡೆ ತೋರ್ಸು. ಇಷ್ಟ್ ದೂರ ಬಂದು ಮೀಡಿಯಂ ಮಾಲ್ ನೋಡ್ಕೊಂಡೋಗ್ಲಾ?"

ಅಕ್ಕ ನನ್ನ ಕಡೆ ತಿರುಗಿದಳು. "ನಂಗೇನ್ ಗೊತ್ತಾಯ್ತದೆ ಇದೆಲ್ಲ. ನೀನ್ ಹೂಂ ಅಂದ್ರೆ ಹೂಂ."

ಹೂಂ ಅಂದೆ. ಊರಲ್ಲಿ ನನ್ನನ್ನು ಕೆಲಸಕ್ಕೆ ಬಾರದವನು ಅನ್ನದಿದ್ದವರು ಭಾವ ಒಬ್ಬರೇ. ಅವರಿಗೆ ತೋರಿಸದೆ ಇನ್ಯಾರಿಗೆ ತೋರಿಸಲಿ.

23, ಸೋಮವಾರ. ಹುಣಸೂರು

ಭಾವ ಇಲ್ಲ. ಮಂಗಳವಾರ ಹೋದರು. ಶನಿವಾರ ತೋಟದಲ್ಲಿ ಸಮಾಧಿ ಆಯಿತು.

ಯಾರಿಗೂ ಹೇಳಿಲ್ಲ. ಇಲ್ಲಾದರೂ ಬರೆಯುತ್ತೇನೆ.

ಹದಿನೆಂಟು ಮೀಟರಲ್ಲಿ ಗೋಡೆ ಹಿಡಿದು ನಿಂತಿದ್ದೆವು. ಎದುರಿಗೆ ಬರೀ ನೀಲಿ. ಬೆಳ್ಳಿ ಮೀನಿನ ದೊಡ್ಡ ಹಿಂಡು ಬಂದು ನಮ್ಮನ್ನು ಸುತ್ತಿತು. ಭಾವ ಸೂಟಿನ ಜಿಪ್ ಎಳೆದರು. ಕರಡಿಗೆ ಹೊರಗೆ ತೆಗೆದು ಹಣೆಗೆ ಒತ್ತಿಕೊಂಡರು... ಪೂಜೆಯಲ್ಲಿ ಮಾಡುವ ಹಾಗೆ. ಮೂರು ದಿನ ಉಪ್ಪುನೀರಲ್ಲಿ ನೆಂದ ಹತ್ತಿದಾರ. ಕಿತ್ತು ಬಂತು. ಕರಡಿಗೆ ಕೆಳಗೆ ಹೋಯಿತು. ಭಾವ ನನ್ನ ಕಡೆ ನೋಡಲೇ ಇಲ್ಲ, ತಲೆ ಕೆಳಗೆ ಮಾಡಿ ಹಿಂದೆಯೇ ಹೋದರು. ಕಾಲು ಹಿಡಿದೆ. ಒದ್ದರು. ಮತ್ತೆ ಸಿಕ್ಕಿದ್ದು ನಲವತ್ತು ಮೀಟರಲ್ಲಿ, ಬಾಯಲ್ಲಿ ಗಾಳಿಯ ಕೊಳವೆ ಇರಲಿಲ್ಲ. ಬೋಟಿನಲ್ಲಿ ಮುಷ್ಟಿ ಬಿಡಿಸಿದೆ. ದಾರದ ತುಂಡು.

ಹೃದಯ ನಿಂತಿತು ಅಂದೆ ಎಲ್ಲರಿಗೂ. ಮೂರೇ ಸಲ ಮುಳುಗಿದವರನ್ನು ಅಲ್ಲಿಗೆ ಕರೆದುಕೊಂಡು ಹೋದವನು ನಾನು. ನಾನೇ ಕೊಂದೆ.

ಅದೇ ದಿನ, ಸಂಜೆ

ಇನ್ನೊಂದು ಇದೆ.

ಕೂರಿಸಿ ಮಣ್ಣು ಮಾಡುವಾಗ ಅಂಗೈಯಲ್ಲಿ ಅವರವರ ಲಿಂಗ ಇರಬೇಕು. ಐನೋರು ಕೇಳಿದರು, "ಎಲ್ಲಪ್ಪ ಯಜಮಾನ್ರ ಲಿಂಗ?" ಅಕ್ಕ ನನ್ನನ್ನೇ ನೋಡುತ್ತಿದ್ದಳು. ಸಮುದ್ರದಲ್ಲಿ ಹೋಯಿತು ಅಂದಿದ್ದರೆ ಅವಳು ಅಲ್ಲೇ ಬಿದ್ದುಹೋಗುತ್ತಿದ್ದಳು. ನನ್ನ ಹತ್ತಿರ ಇದೆ, ತರುತ್ತೇನೆ ಅಂದೆ. ಪೂಜೆಮನೆಗೆ ಹೋಗಿ ನನ್ನ ಕರಡಿಗೆಯಿಂದ ನನ್ನ ಲಿಂಗ ತೆಗೆದೆ. ಕರಡಿಗೆ ಮುಚ್ಚಿ ಇದ್ದಲ್ಲೇ ಇಟ್ಟೆ. ಭಾವನ ಕರಡಿಗೆ ಮಾತ್ರ ನೀರಿಗೆ ಬಿತ್ತು, ಲಿಂಗ ಉಳಿಯಿತು ಅಂತ ಸುಳ್ಳು ಹೇಳಿದೆ. ಭಾವನ ಎಡಗೈಯಲ್ಲಿ ನಾನು ಬಿಟ್ಟುಹೋದ ಲಿಂಗ.

ಅಕ್ಕ ಕಣ್ಣೊರೆಸಿಕೊಂಡು ಅಂದಳು, "ಅದೊಂದಾದ್ರೂ ಜತೇಲಿ ಹೋಯ್ತಲ್ಲ ಬುಡು."



31, ಮಂಗಳವಾರ

ಭಾವನ ಶಿವಗಣಾರಾಧನೆ ಮುಗಿಯಿತು. ಅಕ್ಕ ನನಗೆ ಎರಡು ಸಲ ಪಾಯಸ ಬಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕೂತಳು. "ಸೋಮು, ಆ ನೀರಿನ್ ಸಾವಾಸ ಸಾಕು. ಇಲ್ಲೇ ಇರು. ನಾಳೆ ಐನೋರು ಬತ್ತಾರೆ, ನಿನ್ ಲಿಂಗ ಮತ್ತೆ ಕಟ್ಟಿಸ್ಕೊ. ನಾಕ್ ವರ್ಷದಿಂದ ನಿನ್ ಭಾವ ಅವರ್ದರ ಜತೆ ನಿಂದ್ಕೂ ದಿನಾ ಪೂಜೆ ಮಾಡೋರು. ನಿಂಗೆ ಹೇಳ್ಬ್ಯಾಡ ಅಂದಿದ್ರು."

ಭಾವ ಹೀಗೆ ಮಾಡುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ.

1 ಫೆಬ್ರವರಿ, ಬುಧವಾರ. ಬೆಳಿಗ್ಗೆ 6.30

ರಾತ್ರಿಯೇ ಹೇಳಬೇಕಿತ್ತು. ಬಾಗಿಲವರೆಗೆ ಹೋಗಿ ವಾಪಸು ಬಂದೆ.

ಅಕ್ಕ ಸ್ನಾನ ಮಾಡಿ ಪೂಜೆಮನೆಗೆ ಹೋದಳು. ಐನೋರು ಬರುವ ಹೊತ್ತಿಗೆ ಎಲ್ಲ ತೊಳೆದಿಡುತ್ತಾಳಂತೆ. ನಾನು ಜಗುಲಿಯಲ್ಲಿ ಇದನ್ನು ಗೀಚುತ್ತಾ ಕೂತಿದ್ದೇನೆ. ಎದ್ದು ಹೋಗಬೇಕು. ಅವಳು ನನ್ನ ಕರಡಿಗೆ ಮುಟ್ಟುವ ಮೊದಲು ನಾನೇ ಹೇಳಬೇಕು. ಇನ್ನೂ ಬರೆಯುತ್ತಲೇ ಇದ್ದೇನೆ. ತಂಬಿಗೆ ಇಟ್ಟ ಸದ್ದು. ಕರಡಿಗೆಯ ಮುಚ್ಚಳ ತೆರೆದ ಸದ್ದು. ಆಮೇಲೆ ಏನೂ ಕೇಳಿಸುತ್ತಿಲ್ಲ...

ಕರೆಯುತ್ತಿದ್ದಾಳೆ. ಜೋರಾಗಿ ಅಲ್ಲ.

"ಸೋಮು. ಅವರ್ ಕೈಗೆ ಇಟ್ಟಿದ್ದು —"