ದಾ-ಯುಲ್‌ಳ ಮೇಜಿಗೆ ಬಲೆಯ ದಾರ

ಅಪ್ಪನಿಗೆ ಮಿ-ರಾನ್ ಮಾಡುವ ನಮಸ್ಕಾರಗಳು.

ಬರುವ ಭಾನುವಾರ ನಿಮ್ಮ ಮೊಮ್ಮಗಳು ದಾ-ಯುಲ್‌ಗೆ ಒಂದು ವರ್ಷ ತುಂಬುತ್ತದೆ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ನೋಡಿದಿರಲ್ಲ, ಅವಳೇ. "ಅಂಗೈಯಷ್ಟಿದೆ, ಉಳಿಯೋ ಕೂಸಲ್ಲ ಇದು. ಹೆಸರಿಡಬೇಡಮ್ಮ, ಆಮೇಲೆ ಮರೆಯೋಕಾಗಲ್ಲ" ಎಂದು ಹೇಳಿ ಹೋದ ನೀವು ಮತ್ತೆ ಈ ಕಡೆ ಬರಲಿಲ್ಲ. ನಾನು ಅವತ್ತು ಸಂಜೆಯೇ ಹೆಸರಿಟ್ಟೆ.

ನೂರನೇ ದಿನದ ಹಬ್ಬ ಆಸ್ಪತ್ರೆಯಲ್ಲೇ ಕಳೆದುಹೋಯಿತು. ಅದಕ್ಕೇ ಈ ಸಲ ಬೀದಿಗೆಲ್ಲ ಅಕ್ಕಿ ಕಡುಬು ಹಂಚುತ್ತಿದ್ದೇನೆ. ಮಗು ಯಾವುದನ್ನು ಹಿಡಿಯುತ್ತದೋ ಅದೇ ಅದರ ಭವಿಷ್ಯ ಎಂದು ನೋಡುವ ಮೇಜಿಗೆ ಕುಂಚ, ಅಕ್ಕಿ, ದುಡ್ಡು ಸಿದ್ಧವಾಗಿವೆ. ದೀರ್ಘಾಯುಷ್ಯದ ನೂಲೊಂದು ಬಾಕಿ. ಅಂಗಡಿಯ ರೇಷ್ಮೆ ನೂಲು ತಂದಿದ್ದೆ, ಎಳೆದು ಹರಿದುಹಾಕಿದಳು. ನೀವು ಬಲೆ ಹೆಣೆಯುವ ದಾರವೇ ಆಗಬೇಕು. ಅಂಚೆಯಲ್ಲಿ ಕಳಿಸಬೇಡಿ, ಪೊಹಾಂಗ್‌ನಿಂದ ಬೆಳಗಿನ ಬಸ್ಸಿದೆ.

"ನಿಮ್ಮಪ್ಪನಿಗೆ ನಾಚಿಕೆಯಾದ್ರೆ ಆ ನಾಚಿಕೆನೂ ಊಟಕ್ಕೆ ಕರ್ಕೊಂಡು ಬರ್ಲಿ, ಎಲ್ಲರಿಗೂ ಸಾಕಾಗುವಷ್ಟು ಮಾಡಿದೀವಿ" ಎಂದು ಅತ್ತೆ ಹೇಳಿಕಳಿಸಿದ್ದಾರೆ.

ಮರೆಯದೆ ಗಡ್ಡ ಬೋಳಿಸಿಕೊಂಡು ಬನ್ನಿ. ನಿಮ್ಮ ತೊಡೆಯ ಮೇಲೆಯೇ ಕೂರಿಸುತ್ತೇನೆ, ಅವಳು ಹಿಡಿದದ್ದನ್ನು ಬಿಡುವವಳಲ್ಲ.

ಇಂತಿ,
ದಾ-ಯುಲ್‌ಳ ಅಮ್ಮ