ನಾಯಿಯೂ ಇಲ್ಲ, ಬೆಕ್ಕೂ ಇಲ್ಲ

ಡಾಕ್ಟರಮ್ಮನವರಿಗೆ, ನಿಮ್ಮಲ್ಲಿ ತೋರಿಸಿಕೊಳ್ಳುತ್ತಿರುವ ಏಳು ತಿಂಗಳ ಬಸುರಿಯ ಮಾವ ಮಾಡುವ ನಮಸ್ಕಾರಗಳು.

ಸೋಮವಾರ ನೀವು ನನ್ನ ಸೊಸೆಯನ್ನು "ಮನೇಲಿ ಪ್ರಾಣಿ ಏನಾದ್ರೂ ಸಾಕಿದ್ದೀರಾ?" ಎಂದು ಕೇಳಿದಿರಿ. ಅವಳು ಬಾಯಿ ತೆರೆಯುವ ಮೊದಲೇ, ನಲವತ್ತು ವರ್ಷ ನಾಟಕದಲ್ಲಿ ರಾಜನಾಗಿ ಮೆರೆದ ನಾನು "ನಾಯಿಯೂ ಇಲ್ಲ, ಬೆಕ್ಕೂ ಇಲ್ಲ!" ಎಂದು ಗುಡುಗಿದೆ. ಅವಳು ತಲೆ ತಗ್ಗಿಸಿದಳು.

ಇದ್ದದ್ದು ಹ್ಯಾಮ್‌ಸ್ಟರ್, ತಾಯಿ! ಅಂಗೈಯಗಲದ ಇಲಿಜಾತಿ. ತಂದವನು ನಾನೇ. "ಇದರ ಪಂಜರ ತೊಳೆಯೋರು ಯಾರು, ಮಾವ?" ಎಂದವಳಿಗೆ "ನಾನಿಲ್ಲವೇ!" ಎಂದು ಎದೆ ತಟ್ಟಿಕೊಂಡೆ. ಮೂರನೇ ದಿನಕ್ಕೇ ಸೊಂಟನೋವೆಂದು ಮಲಗಿದೆ. ಅಂದಿನಿಂದ ಅದರ ಹಿಕ್ಕೆ, ಉಚ್ಚೆ ಬಳಿದವಳು ಅವಳು. ಹೋದ ವಾರ ಅವಳಿಗೆ ಜ್ವರ ಬಂದಾಗಲೂ "ಬಸುರಿಗೆ ಇದೆಲ್ಲ ಇದ್ದದ್ದೇ" ಎಂದುಬಿಟ್ಟೆ.

ಇಂಥ ಪ್ರಾಣಿಯಿಂದ ಹೊಟ್ಟೆಯ ಕೂಸಿಗೂ ಸೋಂಕು ತಗಲಬಹುದೆಂದು ನಿಮ್ಮ ಆಸ್ಪತ್ರೆಯ ಗೋಡೆಯ ಮೇಲೆ ಬರೆದದ್ದನ್ನು ನಿನ್ನೆ ಅವಳ ಮಾತ್ರೆ ಒಯ್ಯಲು ಬಂದಾಗ ಓದಿದೆ. ಪಂಜರವನ್ನು ಗೆಳೆಯನ ಮನೆಗೆ ಸಾಗಿಸಿ, ಸೊಸೆಗೆ ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. "ಈ ಸಲ ನಾನೇ ಮಾತಾಡ್ತೀನಿ, ಮಾವ" ಎಂದಳು, ಅಷ್ಟೆ.

ಈ ಪತ್ರ ತಂದವಳು ಅವಳೇ. ರಕ್ತ ಪರೀಕ್ಷೆ ಬೇಕೋ ನೋಡಿ, ಅವಳನ್ನೇ ಕೇಳಿ. ನಾನು ಹೊರಗಿನ ಬೆಂಚಿನ ಮೇಲಿದ್ದೇನೆ. ದಯವಿಟ್ಟು ಬಾಗಿಲು ಹಾಕಿಕೊಳ್ಳಿ.

ಇಂತಿ,
ತಪ್ಪಿತಸ್ಥ ಮಾವ